ಬಾಯಿ ತಡೆಯದ ಆಮೆ

ಮೆಂಡುತ್ ಬೌದ್ಧ ದೇಗುಲ, ಮಧ್ಯ ಜಾವಾ, ಇಂಡೊನೇಷ್ಯಾ
9ನೇ ಶತಮಾನದ ಆರಂಭ. ಜ್ವಾಲಾಮುಖಿ ಶಿಲೆ (ಆಂಡಿಸೈಟ್)

ಶೈಲೇಂದ್ರ ಅರಸರ ಕಾಲದ ಶಿಲ್ಪಿಗಳು ದೇಗುಲದ ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ ಕಡೆದ ಉಬ್ಬುಶಿಲ್ಪವಿದು. ಗರ್ಭಗುಡಿಯಲ್ಲಿ ಬೃಹತ್ ಬುದ್ಧಮೂರ್ತಿ. ಅಲ್ಲಿಗೆ ಹತ್ತುವ ದಾರಿಯಲ್ಲಿ ನೀತಿ ಹೇಳುವ ಪ್ರಾಣಿಕಥೆಗಳು.

ಕಥೆ ನಿಮಗೆ ಗೊತ್ತಿರುವುದೇ. ಎರಡು ಹಂಸಗಳು ಕೋಲಿನ ತುದಿಗಳನ್ನು ಹಿಡಿದಿವೆ, ನಡುವೆ ಕಚ್ಚಿಕೊಂಡ ಆಮೆ ತೂಗುತ್ತಿದೆ. ಮಾತಾಡಲು ಬಾಯಿ ಬಿಟ್ಟರೆ ಮುಗಿಯಿತು. ಜಾತಕ, ಪಂಚತಂತ್ರಗಳೆರಡರಲ್ಲೂ ಇರುವ ಈ ಆಶಯಕ್ಕೆ ಸ್ಟಿತ್ ಥಾಂಪ್ಸನ್ನರ ಜಾನಪದ ಆಶಯ ಸೂಚಿಯಲ್ಲಿ ಜೆ 2357 ಎಂಬ ಸಂಖ್ಯೆ. ಪಂಚತಂತ್ರವನ್ನು ಕನ್ನಡಕ್ಕೆ ತಂದವನು 11ನೇ ಶತಮಾನದ ದುರ್ಗಸಿಂಹ.

ಈಗ ಕೆಳಭಾಗವನ್ನು ಗಮನಿಸಿ. ಬೇಟೆಗಾರರು ಮೇಲಕ್ಕೆ ಬಿಲ್ಲೆತ್ತಿ ನಿಂತಿದ್ದಾರೆ. ಅದರ ಕೆಳಗೇ, ಅದೇ ಬೇಟೆಗಾರರು ಬಿದ್ದ ಆಮೆಯನ್ನು ಅಡುಗೆಗೆ ಅಣಿಮಾಡುತ್ತಿದ್ದಾರೆ! ಆಮೆ ಬೀಳುವ ಗಳಿಗೆಯನ್ನು ಶಿಲ್ಪಿ ತೋರಿಸಿಯೇ ಇಲ್ಲ. ಹಾರಾಟ, ಅಂತ್ಯ ಎರಡೂ ಒಂದೇ ಚೌಕಟ್ಟಿನಲ್ಲಿವೆ. ಹಳೆಯ ಕಥಾಶಿಲ್ಪಗಳಲ್ಲಿ ಈ ಜಾಣ್ಮೆ ಹೊಸದಲ್ಲ, ಆದರೆ ಇಲ್ಲಿ ಬಲು ಚೆನ್ನಾಗಿ ಒದಗಿದೆ.

ಬ್ರಾಹ್ಮಣ ಮತ್ತು ಏಡಿಯ ಕಥೆಯನ್ನೂ ಇದೇ ಮೆಟ್ಟಿಲುಗಳ ಬದಿಯಲ್ಲಿ ನೋಡಬಹುದು.