ಬಾಣದ ಹಿಂದಿನ ಮಣ್ಣುದಿಬ್ಬ

ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿ ಮಾತ್ರ ಕಂಡಿತಂತೆ. ಹಕ್ಕಿಯ ಹಿಂದೆ ಏನಿತ್ತು ಅಂತ ಯಾರೂ ಕೇಳಲಿಲ್ಲ ನೋಡಿ! ವಿಸ್ಕಾನ್ಸಿನ್‌ನ ನಮ್ಮ ಹಿತ್ತಿಲಲ್ಲಿ ಮಾತ್ರ ಅದೇ ಮೊದಲ ಪ್ರಶ್ನೆ. ಬೇಲಿಯಾಚೆ ಪಕ್ಕದ ಮನೆಯ ಮಕ್ಕಳು ಆಡುತ್ತಾರೆ. ಬಿಲ್ಲಿನ ಬೇಟೆಯ ಹುಚ್ಚು ಹತ್ತಿಸಿಕೊಂಡಿರುವ ನನ್ನ ಮಗ "ಗುರಿ ತಪ್ಪಲ್ಲ ಅಪ್ಪಾ" ಅಂತಾನೆ. ಸರಿ, ತಪ್ಪಿದರೆ?

ಈ ಪ್ರಶ್ನೆ ಹಳೆಯದು. 1363ರಲ್ಲಿ ಇಂಗ್ಲೆಂಡಿನ ಮೂರನೇ ಎಡ್ವರ್ಡ್, ರಜಾದಿನಗಳಲ್ಲಿ ಗಂಡಸರು ಬಿಲ್ಲುವಿದ್ಯೆ ಅಭ್ಯಾಸ ಮಾಡಲೇಬೇಕು ಅಂತ ಆಜ್ಞೆ ಹೊರಡಿಸಿದ. ಎಂಟನೇ ಹೆನ್ರಿಯ 1541-42ರ ಕಾನೂನು ಊರೂರಲ್ಲೂ ಅಭ್ಯಾಸದ ದಿಬ್ಬ ಇರಬೇಕು ಅಂದಿತು. ಅದೇ 'ಬಟ್ಸ್'. ಮಣ್ಣು, ಹುಲ್ಲುಹೆಂಟೆ ಪೇರಿಸಿದ ದಿಬ್ಬ ಅಷ್ಟೇ. ಇವತ್ತಿಗೂ ಅಲ್ಲಿನ ಹಲವು ಊರುಗಳಲ್ಲಿ ಆ ಹೆಸರಿನ ಬೀದಿಗಳಿವೆ. ಬಿಲ್ಲುಗಾರರ ಹೆಸರು ಅಳಿದರೂ ದಿಬ್ಬದ ಹೆಸರು ಉಳೀತು!

ಅಮೆರಿಕದ ಕಥೆ ಬೇರೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಬಳಿ ಕಾಡಿನಿಂದ ಹೊರಬಂದ ಇಶಿ, ಯಾಹಿ ಜನರಲ್ಲಿ ಕೊನೆಯವನು. ಬಾಟಲಿ ಗಾಜನ್ನೂ ಕೆತ್ತಿ ಬಾಣದ ಮೊನೆ ಮಾಡುತ್ತಿದ್ದ. ಅವನಿಂದ ಬಿಲ್ಲುವಿದ್ಯೆ ಕಲಿತವರು ವೈದ್ಯ ಸ್ಯಾಕ್ಸ್‌ಟನ್ ಪೋಪ್. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲಿನ ಬೇಟೆಯ ಬಗ್ಗೆ ಪುಸ್ತಕ ಬರೆದರು, ಹವ್ಯಾಸ ಹಬ್ಬಿತು. 1934ರಲ್ಲಿ ನಮ್ಮ ವಿಸ್ಕಾನ್ಸಿನ್ ಬಿಲ್ಲುಗಾರರಿಗೆಂದೇ ಪ್ರತ್ಯೇಕ ಜಿಂಕೆ ಬೇಟೆ ಋತು ತೆರೆಯಿತು. ಊರ ದಿಬ್ಬದ ಅಭ್ಯಾಸ ಹೀಗೆ ನಿಧಾನವಾಗಿ ಮನೆ ಹಿತ್ತಿಲಿಗೆ ಬಂತು, ದಿಬ್ಬ ಮಾತ್ರ ಬರಲಿಲ್ಲ. ಹುಲ್ಲಿನ ಪಿಂಡಿಯೇ ಸಾಕು ಅಂದುಕೊಂಡರು.

1969ರಲ್ಲಿ ಮಿಸ್ಸೌರಿಯ ಹಾಲೆಸ್ ಆಲೆನ್ ಅವರಿಗೆ ರಾಟೆ ಹಾಕಿದ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ಇಂದಿನ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ 250-300 ಅಡಿ ಹಾರುತ್ತೆ. ವೇಗ ಎರಡರಷ್ಟಾದರೆ ಅದೇ ತೂಕದ ಬಾಣದ ಶಕ್ತಿ ನಾಲ್ಕರಷ್ಟು! ಮೇಲಾಗಿ ಅಭ್ಯಾಸದ ದುಂಡು ಮೊನೆ ಹುಲ್ಲನ್ನು ಸರಿಸಿ ಒಳಹೋಗುತ್ತೆ. ಬೇಟೆಯ ಅಗಲ ಅಲಗು ಹುಲ್ಲನ್ನು ಕತ್ತರಿಸಿಕೊಂಡೇ ಹೋಗುತ್ತೆ. ಒಂದೇ ಜಾಗಕ್ಕೆ ಹತ್ತಾರು ಬಾಣ ಬಿದ್ದ ಪಿಂಡಿ ಹೊರಗೆ ಗಟ್ಟಿ, ಒಳಗೆ ಟೊಳ್ಳು.

ಹಾಗಾಗಿ ನಮ್ಮ ಲೆಕ್ಕ ಹೀಗೆ: ಮುಂದೆ, ಅಲಗಿನ ಬಾಣಕ್ಕೆಂದೇ ಮಾಡಿದ ದಟ್ಟ ಫೋಮ್ ದಿಮ್ಮಿ. ಅದರ ಹಿಂದೆ, ಎತ್ತರದಲ್ಲೂ ಅಗಲದಲ್ಲೂ ಅದಕ್ಕಿಂತ ಬಹಳ ದೊಡ್ಡದಾದ, ಕಲ್ಲು ಆರಿಸಿ ತೆಗೆದ ಮಣ್ಣಿನ ದಿಬ್ಬ. ಕಲ್ಲಿದ್ದರೆ ಬಾಣ ಸಿಡಿದು ಎಲ್ಲಿಗೋ ಹಾರುತ್ತೆ. ದಿಬ್ಬದ ಆಚೆ ಜನ ಓಡಾಡುವ ಜಾಗ ಇರಕೂಡದು. ಊರಿನ ನಿಯಮವನ್ನೂ ಮೊದಲೇ ಕೇಳಿ. ಊರಿಂದೂರಿಗೆ ಅದು ಬೇರೆ ಬೇರೆ.

ಫೋಮ್ ದಿಮ್ಮಿ ಗುರಿ ಹಿಡಿದವನಿಗೆ, ದಿಬ್ಬ ಗುರಿ ತಪ್ಪಿದವನಿಗೆ. ಇಲ್ಲಿ ಚಳಿಗೆ ನೆಲ ಕಲ್ಲಾಗುವ ಮೊದಲು ಮಣ್ಣು ಹೊರಬೇಕು. ಅಲ್ಲಿಯವರೆಗೆ ಬಿಲ್ಲು ಪೆಟ್ಟಿಗೆಯಲ್ಲೇ ಇರಲಿ ಅಂದಿದ್ದೇನೆ. ಮಗರಾಯ ಮುಖ ಊದಿಸಿಕೊಂಡೇ ಗುದ್ದಲಿ ಹುಡುಕುತ್ತಿದ್ದಾನೆ.