ಜೀಪಿನ ಬಿಡಿಭಾಗ, ಗಿರಿಯ ಕಬ್ಬಿಣ

ವೀಕೆಂಡಿಗೆ ಕಳಸ, ಮೂಡಿಗೆರೆ ಕಡೆ ಹೋದವರು ಹಳೇ ಜೀಪು ಹತ್ತದೆ ವಾಪಸ್ ಬರೋದು ಕಡಿಮೆ. ನಮಗೆ ಅದು ಫೋಟೋಗೊಂದು ಹಿನ್ನೆಲೆ. ತೋಟದವರಿಗೆ ಮಾತ್ರ ಗೊಬ್ಬರ, ಕಾಫಿ ಚೀಲ, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲವನ್ನೂ ಹೊರುವ ಗಾಡಿ.

ಇದು ಯುದ್ಧದ ಕೂಸು. ಎರಡನೇ ಮಹಾಯುದ್ಧಕ್ಕೆಂದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸಲು ಶುರು ಮಾಡಿತು. ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1968ಕ್ಕೆ ನಿಂತರೂ ನಮ್ಮಲ್ಲಿ ಆಮೇಲೂ ಬಹಳ ಕಾಲ ಓಡಿತು.

ಈಗ ಸಮಸ್ಯೆ ಬಿಡಿಭಾಗದ್ದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟು, ಗುಜರಿಯಲ್ಲೂ ಸಿಗದಿದ್ದರೆ ಹೊಸದಾಗಿ ಎರಕ ಹೊಯ್ಯಬೇಕು. ಹಳೇ ಭಾಗವನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೆದರೆ ಆಯ್ತಲ್ಲ ಅನ್ನಿಸುತ್ತೆ. ಆಗಲ್ಲ. ಕರಗಿದ ಕಬ್ಬಿಣ ಆರುವಾಗ ಸುಮಾರು 1% ಕುಗ್ಗುತ್ತದೆ. 100 ಮಿ.ಮೀ. ಇದ್ದದ್ದು 99 ಆಗುತ್ತೆ, ಬೋಲ್ಟಿನ ತೂತು ಎಂಜಿನ್ನಿಗೆ ಕೂರೋದಿಲ್ಲ. ಜೊತೆಗೆ ಹಳೇ ಭಾಗದ ಸವಕಳಿಯೂ ಹೊಸದಕ್ಕೆ ಇಳಿಯುತ್ತದೆ. ಅದಕ್ಕೇ ಮಾದರಿ ಮಾಡುವ ಬಡಗಿ ಕುಗ್ಗುವಿಕೆಯ ಲೆಕ್ಕ ಸೇರಿಸಿ, ಗೀಟುಗಳನ್ನು ಕೊಂಚ ದೂರ ಎಳೆದ ವಿಶೇಷ ಅಳತೆಪಟ್ಟಿ ಬಳಸುತ್ತಾನೆ.

ಈ ಲೆಕ್ಕಾಚಾರದ ಬುದ್ಧಿ ನಮ್ಮ ನಾಡಿಗೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕದ ವಿವರ ಇದೆ. ಮೊದಲು ಮೇಣದ ಬೊಂಬೆ ತೂಗಿ, ಎಷ್ಟು ಲೋಹ ಬೇಕು ಅಂತ ಅಂದಾಜು ಮಾಡಬೇಕು. ಮಣ್ಣಿನ ಅಚ್ಚು ಒಡೆದು ಬೊಂಬೆ ತೆಗೆಯೋದರಿಂದ ಒಂದು ಅಚ್ಚಿಗೆ ಒಂದೇ ಬೊಂಬೆ.

ಕಬ್ಬಿಣ ಕೂಡ ದೂರದ್ದಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡಾಗ ಅದಿರು ಹೋಗಿದ್ದು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕಾಫಿ ಬೆಳೆದ ಅದೇ ಗಿರಿಸಾಲು! ಇವತ್ತು ಶಿವಮೊಗ್ಗ, ಬೆಳಗಾವಿಯ ಫೌಂಡ್ರಿಗಳು ವಾಹನಗಳಿಗೆ ಎರಕ ಹೊಯ್ಯುತ್ತವೆ.

ಹಾಗಿದ್ರೆ ಅಡ್ಡಿ ಏನು? ದುಡ್ಡು ಹೆಚ್ಚು ಹೋಗೋದು ಕಬ್ಬಿಣಕ್ಕಲ್ಲ, ಮಾದರಿಗೆ. ಲಕ್ಷ ಭಾಗ ಹೊಯ್ದರೆ ಆ ಖರ್ಚು ಹಂಚಿಹೋಗುತ್ತೆ. ಹತ್ತೇ ಆದರೆ ಹತ್ತು ಜನರ ತಲೆ ಮೇಲೆ ಬೀಳುತ್ತೆ. ಇಲ್ಲಿ ನಿಮ್ಮಂಥ ಎಂಜಿನಿಯರುಗಳ ಕೈಚಳಕ ಉಪಯೋಗಕ್ಕೆ ಬರುತ್ತೆ. ಭಾಗವನ್ನು ಸ್ಕ್ಯಾನ್ ಮಾಡಿ, ಸವಕಳಿ ತಿದ್ದಿ, ಒಂದು ಪರ್ಸೆಂಟ್ ಹಿಗ್ಗಿಸಿ, ಮರದ ಬದಲು ಪ್ಲಾಸ್ಟಿಕ್ ಮಾದರಿಯನ್ನು 3ಡಿ ಪ್ರಿಂಟ್ ಮಾಡಬಹುದು. ಸ್ಟೀರಿಂಗು, ಬ್ರೇಕಿನ ಭಾಗಗಳನ್ನು ಮಾತ್ರ ಹೀಗೆ ಮಾಡಬೇಡಿ. ಎರಕದೊಳಗೆ ಅಡಗಿದ ಗಾಳಿಗುಳ್ಳೆ ಕಣ್ಣಿಗೆ ಕಾಣಲ್ಲ, ಘಾಟಿ ಇಳಿಯುವಾಗ ಜೀವಕ್ಕೇ ಕುತ್ತು.

ಮತ್ತೆ, ಕೆಲಸ ಮುಗಿದ ಮೇಲೆ ಮಾದರಿ ಎಸೆಯಬೇಡಿ. ಅಳತೆ ಬರೆದಿಟ್ಟರೆ ಪಕ್ಕದ ತೋಟದವರು ಬರೀ ಎರಕದ ದುಡ್ಡು ಕೊಟ್ಟರೆ ಸಾಕು.