ಪುಸ್ತಕದ ಜಾತಿ, ಊರಿನ ಜಾತಿ

ಭೌತವಿಜ್ಞಾನಿಗೆ ಪ್ರಯೋಗಾಲಯವಿದೆ. ಸಮಾಜವನ್ನು ಅಧ್ಯಯನ ಮಾಡುವವರಿಗೆ ಪ್ರಯೋಗಾಲಯ ಯಾವುದು? ಗ್ರಂಥಭಂಡಾರವೇ, ಜನ ಬಾಳುವ ಊರೇ? ಭಾರತದ ಸಮಾಜಶಾಸ್ತ್ರದಲ್ಲಿ ಈ ಪ್ರಶ್ನೆಗೆ ಒಬ್ಬ ಗುರು ಮತ್ತು ಅವರ ಶಿಷ್ಯರಿಂದ ಎರಡು ಬಗೆಯ ಉತ್ತರಗಳು ದೊರೆತಿವೆ.

ಗುರು ಜಿ.ಎಸ್. ಘುರ್ಯೆ. 1924ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಹೊಣೆ ಹೊತ್ತ ಅವರು ಸಂಸ್ಕೃತ ವಿದ್ವಾಂಸರು. 1932ರಲ್ಲಿ ಪ್ರಕಟವಾದ ಜಾತಿ ಕುರಿತ ತಮ್ಮ ಗ್ರಂಥದಲ್ಲಿ ಅವರು ಧರ್ಮಶಾಸ್ತ್ರಗಳನ್ನೂ ಜನಗಣತಿಯ ಅಂಕಿಅಂಶಗಳನ್ನೂ ಆಕರವಾಗಿ ಬಳಸಿದರು. ಒಂದು ವ್ಯವಸ್ಥೆ ಶತಮಾನಗಳಲ್ಲಿ ಹೇಗೆ ಬೆಳೆಯಿತೆಂದು ತಿಳಿಯಲು ಈ ವಿಧಾನ ನೆರವಾಗುತ್ತದೆ.

ಶಿಷ್ಯರು ಮೈಸೂರಿನ ಎಂ.ಎನ್. ಶ್ರೀನಿವಾಸ್ (1916–1999). ಮುಂಬಯಿಯ ನಂತರ ಆಕ್ಸ್‌ಫರ್ಡಿಗೆ ಹೋದ ಅವರಿಗೆ ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನರ ಮಾರ್ಗದರ್ಶನ ದೊರೆಯಿತು. ದೇಹದಲ್ಲಿ ಅಂಗಗಳಿರುವಂತೆ ಸಮಾಜದಲ್ಲಿ ಪ್ರತಿ ಆಚರಣೆಗೂ ಒಂದು ಕಾರ್ಯವಿದೆ; ಅದರ ಮೂಲವನ್ನು ಊಹಿಸುವುದಕ್ಕಿಂತ ಈಗಿನ ಕಾರ್ಯವನ್ನು ಗಮನಿಸಬೇಕು ಎಂಬುದು ಬ್ರೌನರ ನಿಲುವು.

1948ರಲ್ಲಿ ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿದರು. ಬರಹದಲ್ಲಿ ಅದಕ್ಕೆ ‘ರಾಮಪುರ’ ಎಂದು ಹೆಸರಿಟ್ಟರು. ಪುಸ್ತಕದಲ್ಲಿದ್ದ ನಾಲ್ಕು ವರ್ಣಗಳ ಮೆಟ್ಟಿಲು ಅಲ್ಲಿ ಹಾಗೆಯೇ ಕಾಣಲಿಲ್ಲ. ವಿಶ್ವಕರ್ಮರು ತಾವು ಬ್ರಾಹ್ಮಣರೆಂದರೆ ಉಳಿದವರು ಒಪ್ಪುತ್ತಿರಲಿಲ್ಲ. ನಡುವಿನ ಜಾತಿಗಳಲ್ಲಿ ಯಾರು ಮೇಲು ಎಂಬುದೇ ವಿವಾದವಾಗಿತ್ತು. ಊರಿನ ಅಧಿಕಾರವಿದ್ದುದು ಭೂಮಿಯೂ ಜನಬಲವೂ ಇದ್ದ ಒಕ್ಕಲಿಗರ ಕೈಯಲ್ಲಿ. ‘ಪ್ರಬಲ ಜಾತಿ’ ಎಂಬ ಅವರ ಪರಿಕಲ್ಪನೆಗೆ ಇಂಥ ವೀಕ್ಷಣೆಯೇ ಆಧಾರ.

ಹಾಗಾದರೆ ಊರಿನ ನೋಟವೇ ಪೂರ್ಣ ಸತ್ಯವೇ? ಅಲ್ಲ. ಶ್ರೀನಿವಾಸ್ ಬ್ರಾಹ್ಮಣರು, ಊರಿನ ಮುಖ್ಯಸ್ಥರ ಆಸರೆಯಲ್ಲಿದ್ದವರು. ದಲಿತರ ಕೇರಿಯ ಬದುಕು ತಮಗೆ ಅಷ್ಟಾಗಿ ದಕ್ಕಲಿಲ್ಲವೆಂಬ ಅರಿವು ಅವರಿಗಿತ್ತು. ನೋಡುವವನು ನಿಂತ ಜಾಗವೂ ಫಲಿತಾಂಶವನ್ನು ಬದಲಿಸುತ್ತದೆ.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ಬಹುಪಾಲು ನೆನಪಿನಿಂದಲೇ ಬರೆದ ರಾಮಪುರದ ಕಥನ 1976ರಲ್ಲಿ ಹೊರಬಂತು. ಬೇರೊಬ್ಬರು ಮತ್ತೆ ಪರೀಕ್ಷಿಸಲಾಗದ ನೆನಪು ವಿಜ್ಞಾನದ ಆಕರವಾದೀತೆ ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

ವಿದ್ಯಾರ್ಥಿಗಳು ತಮ್ಮೂರಿನ ಸಮೀಕ್ಷೆಗೆ ಹೊರಟಾಗ ಶಿಕ್ಷಕರು ಇದನ್ನು ನೆನಪಿಸಬಹುದು. ಹಳೆಯ ದಾಖಲೆಗಳನ್ನು ಓದಲಿ, ಊರನ್ನೂ ಸುತ್ತಲಿ. ಯಾರನ್ನು ಕೇಳಿದೆವು, ಯಾರ ಮನೆಗೆ ಹೋಗಲಿಲ್ಲ ಎಂಬುದನ್ನೂ ವರದಿಯಲ್ಲಿ ಬರೆಯಲಿ.